ಸ್ಟೀರಾಯ್ಡ್ ಇನ್ಹೇಲರ್‌ಗೆ ಮುನ್ನ ರಕ್ತಕಣ ಎಣಿಸಿ

ಸಂಪಾದಕರೇ,

ಸಿಒಪಿಡಿ (ಹೊಗೆಯಿಂದಾಗಿ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗಳು ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಇನ್ಹೇಲರ್ ಬಳಸಬೇಕೇ, ಬಿಡಬೇಕೇ ಎಂದು ವಾಚಕರು ಈ ಅಂಕಣದಲ್ಲಿ ವಾದಿಸುತ್ತಿದ್ದಾರೆ. ಒಬ್ಬರಿಗೆ ಅದು ವಿಷ, ಇನ್ನೊಬ್ಬರಿಗೆ ಸಂಜೀವಿನಿ. ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತಕಣ ಎಣಿಸುತ್ತಲೇ ನಿವೃತ್ತಳಾದ ನನಗೆ ಈ ಎರಡೂ ಮಾತುಗಳಿಂದ ಆತಂಕವಾಗಿದೆ.

ಲೀಶ್‌ಮನ್ ಬಣ್ಣ ಹಾಕಿದ ಗಾಜಿನ ಪಟ್ಟಿಯಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಕಿತ್ತಳೆಗೆಂಪು ಹರಳುಗಳಿಂದ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಆಸ್ತಮಾದಲ್ಲಿ ಬಹುಪಾಲು ಉರಿಯೂತ ಇದರದೇ. ಸ್ಟೀರಾಯ್ಡ್ ಇದರ ಆಯುಸ್ಸನ್ನು ಮೊಟಕುಗೊಳಿಸುತ್ತದೆ. ಹೀಗಾಗಿ ಆಸ್ತಮಾ ಇರುವವರು ಯಾರದೋ ಮಾತು ಕೇಳಿ ಇನ್ಹೇಲರ್ ಬಿಡಲೇಬಾರದು. ಸಿಒಪಿಡಿಯಲ್ಲಿ ಹೆಚ್ಚಾಗಿ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಿಳಿ ರಕ್ತಕಣ ಮತ್ತು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳ ಕಾರುಬಾರು. ನ್ಯೂಟ್ರೋಫಿಲ್ ಸ್ಟೀರಾಯ್ಡ್‌ಗೆ ಬಗ್ಗುವುದಿಲ್ಲ. ಪ್ರಯೋಗಾಲಯದಲ್ಲಿ ಅದು ಸ್ಟೀರಾಯ್ಡ್ ಸೋಕಿದಾಗ ಇನ್ನೂ ಹೆಚ್ಚು ಕಾಲ ಬದುಕುತ್ತದೆ. ಸೋಂಕಿನ ವಿರುದ್ಧ ಶ್ವಾಸಕೋಶಕ್ಕಿರುವ ರಕ್ಷಣೆಯೂ ಈ ಔಷಧದಿಂದ ಕುಗ್ಗಬಹುದು. ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ‘ಟಾರ್ಚ್’ ಅಧ್ಯಯನದಲ್ಲಿ, ಫ್ಲುಟಿಕಾಸೋನ್ ಎಂಬ ಇನ್ಹೇಲರ್ ಸ್ಟೀರಾಯ್ಡ್ ಪಡೆದವರಲ್ಲಿ ನ್ಯುಮೋನಿಯಾ ಹೆಚ್ಚಾಗಿ ಕಂಡುಬಂದಿತು.

ಆದರೆ ಸಿಒಪಿಡಿ ಇದ್ದವರಲ್ಲೂ ಕೆಲವರ ರಕ್ತದಲ್ಲಿ ಇಯೋಸಿನೋಫಿಲ್ ಹೆಚ್ಚಿರುತ್ತದೆ. ಸಿಒಪಿಡಿ ಚಿಕಿತ್ಸೆಗಾಗಿ ಇರುವ ‘ಗೋಲ್ಡ್’ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಒಂದು ಮೈಕ್ರೋಲೀಟರ್ ರಕ್ತದಲ್ಲಿ 300 ಅಥವಾ ಅದಕ್ಕಿಂತ ಹೆಚ್ಚಿದ್ದು, ಕಾಯಿಲೆ ಪದೇ ಪದೇ ಉಲ್ಬಣಿಸುತ್ತಿದ್ದರೆ ಸ್ಟೀರಾಯ್ಡ್‌ನಿಂದ ಲಾಭ ಹೆಚ್ಚು. 100ಕ್ಕಿಂತ ಕಡಿಮೆ ಇದ್ದರೆ ಲಾಭ ತೀರ ಕಡಿಮೆ. ನನ್ನ ಅತ್ತಿಗೆ ಬೀಡಿ ಮುಟ್ಟಿದವರಲ್ಲ, ಸೌದೆ ಒಲೆಯ ಹೊಗೆ ಕುಡಿದೇ ಸಿಒಪಿಡಿ ಬಂದದ್ದು. ಅವರ ಸಂಖ್ಯೆ 70. ಮತ್ತೆ ಮತ್ತೆ ನ್ಯುಮೋನಿಯಾ ಆದ ಬಳಿಕ ವೈದ್ಯರು ಈ ಸಂಖ್ಯೆ ನೋಡಿ, ಶ್ವಾಸನಾಳ ಹಿಗ್ಗಿಸುವ ಔಷಧವನ್ನಷ್ಟೇ ಉಳಿಸಿ ಸ್ಟೀರಾಯ್ಡ್ ನಿಲ್ಲಿಸಿದರು. ಇದು ಅವರ ವಿಷಯದಲ್ಲಿ ವೈದ್ಯರು ಮಾಡಿದ ತೀರ್ಮಾನ. ಸಂಖ್ಯೆ ಹೆಚ್ಚಿರುವವರು ತಾವಾಗಿ ನಿಲ್ಲಿಸಿದರೆ ಕಾಯಿಲೆ ಕೆರಳುವ ಅಪಾಯವಿದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಹೊಟ್ಟೆಹುಳು, ಅಲರ್ಜಿ ಇದ್ದರೂ ಇಯೋಸಿನೋಫಿಲ್ ಏರುತ್ತದೆ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ ಇಳಿಯುತ್ತದೆ. ರಕ್ತ ಕೊಡುವಾಗ ಇದನ್ನೆಲ್ಲ ಹೇಳಬೇಕು, ಕೇಳುವವರೂ ಕೇಳಬೇಕು. ಒಂದೇ ವರದಿಯನ್ನು ನೆಚ್ಚಿಕೊಳ್ಳುವುದೂ ಸರಿಯಲ್ಲ.

ಪ್ರಯೋಗಾಲಯಗಳಲ್ಲಿ ನನ್ನದೊಂದು ಕೋರಿಕೆ. ಅನೇಕ ವರದಿಗಳಲ್ಲಿ ಶೇಕಡಾವಾರು ಮಾತ್ರ ಬರೆದಿರುತ್ತದೆ. ಒಟ್ಟು ಬಿಳಿ ರಕ್ತಕಣ 10,000 ಇದ್ದಾಗ ಶೇ 3 ಎಂದರೆ 300. 4,000 ಇದ್ದಾಗ ಅದೇ ಶೇ 3 ಎಂದರೆ 120. ಗುಣಾಕಾರವನ್ನು ರೋಗಿಯ ತಲೆಗೆ ಕಟ್ಟದೆ, ನಿಜವಾದ ಸಂಖ್ಯೆಯನ್ನೇ ವರದಿಯಲ್ಲಿ ಮುದ್ರಿಸಿ ಕೊಡಲಿ.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ತಿಪಟೂರು