ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕದೇ ಕಾದವರಿಗೆ

ಹೋದ ಭಾನುವಾರ ಪೂಜೆ ನಡುವೆ ಕಾರ್ಮೆಲ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿ ಸಭೆಯ ಗೃಹಸ್ಥ ಸದಸ್ಯೆಯಾಗಿ, ಅಂದ್ರೆ ಸೆಕ್ಯುಲರ್ ಕಾರ್ಮೆಲೈಟ್ ಆಗಿ, ಕೊನೇ ವಾಗ್ದಾನ ಕೊಟ್ಟೆ. ಫೋಟೋ ನೋಡಿ "ಮಠ ಸೇರ್ಕೊಂಡ್ಬಿಟ್ಯಾ" ಅಂತ ಫೋನ್ ಮಾಡಿದೋರಿಗೆಲ್ಲ ಒಟ್ಟಿಗೆ ಹೇಳ್ತೀನಿ, ಇಲ್ಲ, ಅದೇ ಮನೆ, ಅದೇ ಗಂಡ, ಅದೇ ಬಿಎಂಟಿಸಿ ಬಸ್ಸು. ಬೆಳಿಗ್ಗೆ ಸಂಜೆ ಕೀರ್ತನೆಗಳ ಪ್ರಾರ್ಥನೆ, ದಿನಾ ಒಂದರ್ಧ ಗಂಟೆ ಮೌನ ಪ್ರಾರ್ಥನೆ, ತಿಂಗಳಿಗೊಂದ್ಸಲ ಎಲ್ಲರೂ ಸೇರೋದು, ಇಷ್ಟೇ. ಬೇರೆಯವರಿಗೆ ಆರೇಳು ವರ್ಷದಲ್ಲಿ ಮುಗಿಯೋ ತರಬೇತಿ ನನಗೆ ಒಂಬತ್ತು ವರ್ಷ ಹಿಡೀತು, ಯಾಕಂದ್ರೆ ಮಧ್ಯದಲ್ಲಿ ನನ್ನ ಕೈಲಿ ಆಗಲ್ಲ ಬಿಡ್ತೀನಿ ಅಂತ ಎರಡು ಸಲ ಕಾಗದ ಬರ್ದು ಕೊಟ್ಟಿದ್ದೆ. ಅದನ್ನ ಇಸ್ಕೊಂಡ ನಮ್ಮ ಗುಂಪಿನ ಹಿರಿಯರು ಎರಡನ್ನೂ ಬೀರುವಿನಲ್ಲಿ ಇಟ್ಟು ಸುಮ್ನಿದ್ರಂತೆ, ಭಾನುವಾರ ಪೂಜೆ ಮುಗಿದ್ಮೇಲೆ ಕವರ್ ಸಮೇತ ವಾಪಸ್ ಕೊಟ್ರು. ಮೊದಲನೇ ಥ್ಯಾಂಕ್ಸ್ ಅವರಿಗೇ.

ವಿಷಯ ಪೂರ್ತಿ ಗೊತ್ತಿಲ್ಲದವರಿಗೆ. ನಮ್ಮೂರು ಕನಕಪುರದ ಕಡೆ, ಮನೇಲಿ ರೇಷ್ಮೆ ಹುಳ ಮೇಯಿಸೋದೇ ಕಸುಬು. ನಾನು ಮದುವೆಯಾಗಿ ಬೆಂಗಳೂರಿಗೆ ಬಂದೆ, ತಮ್ಮ ಊರಲ್ಲೇ ಉಳ್ಕೊಂಡು ಅವ್ವನ ಜೊತೆ ಹುಳದ ಮನೆ ನೋಡ್ಕೋತಿದ್ದ. 2021ರ ಮೇ ತಿಂಗಳಲ್ಲಿ ಕೊರೊನಾ ಬಂದು ಹತ್ತೇ ದಿನಕ್ಕೆ ಹೊರಟೋದ. ಮನೆಯವರೆಲ್ಲ ಕ್ವಾರಂಟೈನ್, ಶೆಡ್ಡಿನಲ್ಲಿ ಹುಳ ನಾಲ್ಕನೇ ಜ್ವರ (ಪೊರೆ ಬಿಡೋದಕ್ಕೆ ನಮ್ಮಲ್ಲಿ ಹಾಗಂತಾರೆ) ಎದ್ದು ಸೊಪ್ಪು ಸೊಪ್ಪು ಅಂತಿದ್ವು. ಪಕ್ಕದ ಮನೆ ಗೌಡ್ರ ಮಕ್ಕಳು, ನಮ್ಮ ಜಾತಿಯಲ್ಲ ಧರ್ಮವಲ್ಲ, ಹಿತ್ತಲ ಬಾಗಿಲಿಂದ ಬಂದು ಹೊತ್ತೊತ್ತಿಗೆ ಸೊಪ್ಪು ಹಾಕಿ, ಹಣ್ಣಾದ ಹುಳ ಆಯ್ದು ಗೂಡು ಕಟ್ಟೋ ಚಂದ್ರಿಕೆ ತಟ್ಟೆಗೆ ಬಿಟ್ಟು, ಗೂಡು ಮಾರಿ ದುಡ್ಡು ತಂದು ಜಗುಲಿ ಮೇಲೆ ಇಟ್ಟು ಹೋದ್ರು. ಆ ಹುಡುಗ್ರಿಗೆ ಇಷ್ಟು ವರ್ಷ ಬಾಯಿಬಿಟ್ಟು ಒಂದು ಮಾತೂ ಹೇಳಿಲ್ಲ ನಾನು. ಈಗ ಹೇಳ್ತಿದೀನಿ ಕಣ್ರಪ್ಪ, ನಿಮ್ಮ ಋಣ ದೊಡ್ಡದು.

ಅಲ್ಲಿಂದ ನನ್ನ ಪ್ರಾರ್ಥನೆ ಒಣಗ್ತು. ಅದಕ್ಕೆ ಮುಂಚೆ ಎಷ್ಟು ಚೆನ್ನಾಗಿತ್ತು ಅಂದ್ರೆ, ಬೆಳಿಗ್ಗೆ ಐದಕ್ಕೆ ಅಡುಗೆಮನೆ ಪಕ್ಕ ಕುರ್ಚಿ ಹಾಕ್ಕೊಂಡು ಬೈಬಲ್ಲಿನ ಶುಭಸಂದೇಶದ ಎರಡು ಸಾಲು ಓದಿದ್ರೆ ಸಾಕು ಕಣ್ಣಲ್ಲಿ ನೀರು, ಅರ್ಧ ಗಂಟೆ ಹೋಗಿದ್ದೇ ಗೊತ್ತಾಗ್ತಿರ್ಲಿಲ್ಲ, ನಾನೇನೋ ದೊಡ್ಡ ಸಂತಳಾಗ್ತಿದೀನಿ ಅಂತ ಒಳಗೊಳಗೇ ಒಂದು ಜಂಬ ಬೇರೆ. ಆಮೇಲೆ ಅದೇ ಕುರ್ಚಿ, ಅದೇ ಪುಸ್ತಕ, ಎದುರಿಗೆ ಗೋಡೆ. ಯೇಸುಸ್ವಾಮಿ ಕಲಿಸಿದ ಪರಲೋಕ ಮಂತ್ರ ಅರ್ಧಕ್ಕೆ ನಿಂತ್ಹೋಗೋದು. ಗಡಿಯಾರ ನೋಡೋದು, ಮೂರು ನಿಮಿಷ ಆಗಿರೋದು. (ನಮ್ಮ ಸಭೆಯನ್ನ ಸುಧಾರಿಸಿದ ಸ್ಪೇನಿನ ಸನ್ಯಾಸಿನಿ, ಆವಿಲಾದ ಸಂತ ತೆರೇಸಮ್ಮನೋರೂ ತಮ್ಮ ಆತ್ಮಕಥೆಯಲ್ಲಿ ಇದನ್ನೇ ಬರ್ಕೊಂಡಿದಾರೆ, ಪ್ರಾರ್ಥನೆಗಿಂತ ಗಂಟೆ ಯಾವಾಗ ಹೊಡೆಯುತ್ತೆ ಅನ್ನೋದರ ಮೇಲೇ ಕಿವಿ ಇರ್ತಿತ್ತು ಅಂತ, ಅದೂ ಎಷ್ಟೋ ವರ್ಷ. ಅದನ್ನ ಓದಿದ ದಿನ ನಕ್ಕಿದ್ದೆ, ತುಂಬಾ ದಿನದ ಮೇಲೆ.)

ಕಷ್ಟ ಹೇಳ್ಕೊಂಡ್ರೆ ಔಷಧಿ ಹೇಳೋರಿಗೇನು ಬರ. ಇನ್ನೂ ಐವತ್ಮೂರು ಮಣಿ ಜಾಸ್ತಿ ಜಪಸರ ಮಾಡು ಅಂದ್ರು ಒಬ್ರು. ಒಂದು ಪ್ರಾರ್ಥನಾ ಕೂಟದಲ್ಲಂತೂ ತಲೆ ಮೇಲೆ ಕೈಯಿಟ್ಟು ನಿಮ್ಮ ವಂಶದಲ್ಲಿ ಶಾಪ ಇದೆ, ತಮ್ಮ ಹೋಗಿದ್ದೂ ಅದಕ್ಕೇ ಅಂದ್ಬಿಟ್ರು. ಅವತ್ತು ಬಸ್ಸಲ್ಲಿ ಮನೆ ತನಕ ಅತ್ತಿದೀನಿ. ಅವರ ಮೇಲೆ ಸಿಟ್ಟು ಈಗ್ಲೂ ಪೂರ್ತಿ ಹೋಗಿಲ್ಲ, ಸುಳ್ಳು ಹೇಳಲ್ಲ.

ಎರಡನೇ ಥ್ಯಾಂಕ್ಸ್ ನನ್ನ ಆತ್ಮಿಕ ಮಾರ್ಗದರ್ಶಕಿ ಸಿಸ್ಟರ್‌ಗೆ, ಹೆಸರು ಹಾಕ್ಬೇಡ ಅಂದಿದಾರೆ. ಹೋಗಿ ಕೂತು ಎಲ್ಲ ಹೇಳಿದ್ಮೇಲೆ ಅವರು ಕೇಳಿದ ಮೊದಲನೇ ಪ್ರಶ್ನೆ "ನಿದ್ದೆ ಮಾಡ್ತಿದೀಯೇನಮ್ಮ, ಊಟ ಸೇರ್ತಿದೆಯಾ". ಎರಡೂ ಇಲ್ಲ ಅಂದೆ. ಪ್ರಾರ್ಥನೆ ಮಾತು ಆಮೇಲೆ, ಮೊದಲು ಡಾಕ್ಟರ ಹತ್ರ ಹೋಗು ಅಂತ ಕಳಿಸಿದ್ರು. ನನಗೆ ಅವಮಾನ ಆದ ಹಾಗಾಯ್ತು, ನಾನು ಇದು ಆತ್ಮದ ಕತ್ತಲ ರಾತ್ರಿ, ದೇವರೇ ಕೊಟ್ಟ ಒಣಗು ಅಂತ ದೊಡ್ಡ ಮಾತು ಆಡ್ಕೊಂಡು ಹೋದ್ರೆ ಇವರು ಮಾತ್ರೆ ತಗೋ ಅಂತಾರಲ್ಲ ಅಂತ. ಆದ್ರೆ ಆ ಮಾತು ಬರೆದ, ತೆರೇಸಮ್ಮನೋರ ಜೊತೆಗಾರ ಶಿಲುಬೆಯ ಸಂತ ಯೊವಾನ್ನರೇ ಇಂಥ ಒಣಗು ಮನೋವ್ಯಾಧಿಯಿಂದಲೂ ಬರಬಹುದು ಅಂತ ಎಚ್ಚರಿಸಿದಾರಂತೆ, ಹದಿನಾರನೇ ಶತಮಾನದಲ್ಲೇ. ಎಂಟು ತಿಂಗಳು ಮಾತ್ರೆ ತಗೊಂಡೆ. ನಿದ್ದೆ ಬಂತು, ಊಟ ಸೇರ್ತು, ಮಗಳ ಹತ್ರ ರೇಗೋದು ಕಮ್ಮಿ ಆಯ್ತು. ಆ ಡಾಕ್ಟರಿಗೂ ಥ್ಯಾಂಕ್ಸ್, ಚರ್ಚಿನವರು ಅಂತ ಒಂದು ದಿನವೂ ಹಗುರ ಮಾಡಿ ಮಾತಾಡ್ಲಿಲ್ಲ.

ಗೋಡೆ ಮಾತ್ರ ಹಾಗೇ ಇತ್ತು. ಆಗ ಸಿಸ್ಟರ್ ಯೊವಾನ್ನರ ಮೂರು ಗುರುತು ಹೇಳ್ಕೊಟ್ರು. ದೇವರ ವಿಷಯದಲ್ಲಿ ರುಚಿ ಇಲ್ಲ, ಆದ್ರೆ ಬೇರೆ ಯಾವುದರಲ್ಲೂ ರುಚಿ ಇಲ್ಲ. ನಾನು ಹಿಂದೆ ಬೀಳ್ತಿದೀನಿ, ದೇವರಿಗೆ ಏನೂ ಮಾಡ್ತಿಲ್ಲ ಅನ್ನೋ ಸಂಕಟ ಬಿಡಲ್ಲ. ಕಣ್ಮುಚ್ಚಿ ಯೇಸುಸ್ವಾಮಿಯ ಪಾಡನ್ನ ಮನಸ್ಸಲ್ಲಿ ತಂದ್ಕೊಳ್ಳೋಣ ಅಂದ್ರೆ ಎಷ್ಟು ತಿಣುಕಿದ್ರೂ ಮುಂಚಿನ ಹಾಗೆ ಆಗಲ್ಲ. ಮೂರೂ ಒಟ್ಟಿಗೆ ಇದ್ರೆ ತಿಣುಕೋದು ಬಿಡು, ಪ್ರೀತಿಯಿಂದ ಸುಮ್ನೆ ಗಮನ ಕೊಟ್ಟು ಕೂರು, ಅಷ್ಟೇ. ಚಿತ್ರ ಬರೆಯೋನ ಮುಂದೆ ಕೂತೋನು ಅಲ್ಲಾಡಿದ್ರೆ ಚಿತ್ರ ಕೆಡುತ್ತೆ ಅಂತಾರೆ ಯೊವಾನ್ನರು. ಇದನ್ನ ಬರೆದ ಮನುಷ್ಯನನ್ನ ಅವರ ಸ್ವಂತ ಸಭೆಯವರೇ ಹಿಡ್ಕೊಂಡು ಹೋಗಿ 1577ರ ಡಿಸೆಂಬರಿಂದ ಮುಂದಿನ ಆಗಸ್ಟ್ ತನಕ ತೊಲೇದೋ ಊರಿನ ಮಠದಲ್ಲಿ ಒಂದು ಕಿರುಕೋಣೆಯಲ್ಲಿ ಕೂಡಿಹಾಕಿದ್ರು. ಅಲ್ಲಾಡದೆ ಕೂರೋದು ಅಂದ್ರೇನು ಅಂತ ಅವರಿಗೆ ಗೊತ್ತಿತ್ತು ಬಿಡಿ.

ತಲೆಗೆ ಹೋಯ್ತು, ಎದೆಗೆ ಇಳೀಲಿಲ್ಲ. ಇಳಿಸಿದ್ದು ನಮ್ಮವ್ವ.

2023ರಲ್ಲಿ ನಮ್ಮ ಗುಂಪಿನಲ್ಲಿ ತೆರೇಸಮ್ಮನೋರ ಒಳಕೋಟೆ ಪುಸ್ತಕ ಓದ್ತಿದ್ವಿ, 1577ರಲ್ಲಿ ಬರ್ದಿದ್ದು, ಆತ್ಮವನ್ನ ಏಳು ತೊಟ್ಟಿ, ಅಂದ್ರೆ ವಾಸದ ಅಂಕಣ, ಇರೋ ಒಂದು ಕೋಟೆ ಅಂತ ಕಲ್ಪಿಸ್ಕೊಂಡು. ಅದರ ಐದನೇ ತೊಟ್ಟಿಗೆ ಬಂದ್ರೆ ರೇಷ್ಮೆ ಹುಳ! ಮೊಟ್ಟೆ, ಹಿಪ್ಪುನೇರಳೆ ಸೊಪ್ಪು, ಗೂಡು, ಆಮೇಲೆ ಬಿಳೀ ಚಿಟ್ಟೆ, ಎಲ್ಲ ಇದೆ. ಖುಷಿ ತಡೀಲಾರದೆ ಅವ್ವಂಗೆ ಫೋನ್ ಮಾಡಿ ಕನ್ನಡ ಮಾಡ್ಕೊಂಡು ಓದಿ ಹೇಳ್ದೆ. ಮೊಟ್ಟೆ ಸಣ್ಣ ಮೆಣಸಿನ ಕಾಳಿನ ಹಾಗಿರುತ್ತೆ ಅಂತ ಬಂದಿದ್ದೇ ತಡ, "ಮೆಣಸಾ? ಗಸಗಸೆ ಅನ್ನು. ಆಯಮ್ಮ ಹುಳ ನೋಡೇ ಇಲ್ಲ ಬಿಡು" ಅಂದ್ಳು. ನಿಜ ಅವ್ವ, ನಾನು ನೋಡಿಲ್ಲ ಬರೀ ಕೇಳಿದೀನಿ, ತಪ್ಪಿದ್ರೆ ನನ್ನದಲ್ಲ ಅಂತ ಅವರೇ ಬರ್ದಿದಾರೆ ಅಂದೆ. ಅದು ಕೇಳಿ ಅವ್ವಂಗೆ ತೆರೇಸಮ್ಮನ ಮೇಲೆ ಪ್ರೀತಿ ಬಂತು. ಆದ್ರೂ ಬಿಡ್ಲಿಲ್ಲ. "ಚಿಟ್ಟೆ ಆಚೆ ಬಂದ್ರೆ ಗೂಡು ತೂತು, ರಾಮನಗರ ಮಾರ್ಕೆಟ್ಟಲ್ಲಿ ಮೂರು ಕಾಸಿಗೆ ಮೂಸಲ್ಲ. ಅದಿರ್ಲಿ, ಜ್ವರದ ವಿಷ್ಯ ಏನ್ ಬರ್ದವ್ಳೆ?" ಏನೂ ಬರ್ದಿಲ್ಲ ಅವ್ವ. "ಜ್ವರಾನೇ ಬರೀದೆ ಹುಳದ ವಿಷ್ಯ ಏನ್ ಬರ್ದಂಗಾಯ್ತು?"

ಹುಳ ಮೇಯಿಸದವರಿಗೆ: ಗೂಡು ಕಟ್ಟೋ ಮುಂಚೆ ಹುಳ ನಾಲ್ಕು ಸಲ ಪೊರೆ ಬಿಡುತ್ತೆ, ಅದಕ್ಕೆ ನಮ್ಮಲ್ಲಿ ಜ್ವರ ಅಂತಾರೆ. ಕಾಯಿಲೆ ಅಲ್ಲ. ಆಗ ಹುಳ ಮೇವು ಮುಟ್ಟಲ್ಲ, ತಲೆ ಎತ್ಕೊಂಡು ಹಾಗೇ ಕೂತ್ಬಿಡುತ್ತೆ, ಒಂದು ದಿನ, ಸ್ವಲ್ಪ ಹೆಚ್ಚೂ ಆಗ್ಬಹುದು, ಗೊತ್ತಿಲ್ಲದವರು ಸತ್ತಿದೆ ಅನ್ಕೋಬೇಕು. ಅವ್ವ ಹೇಳಿದ ಮಾತು ಹಾಗೇ ಹಾಕ್ತೀನಿ. "ಆಗ ಸೊಪ್ಪು ಹಾಕ್ಬಾರ್ದು ಕಣವ್ವ. ಮುಟ್ಬಾರ್ದು, ಅಲ್ಲಾಡಿಸ್ಬಾರ್ದು. ಸುಣ್ಣದ ಪುಡಿ ಉದುರ್ಸಿ, ಗಾಳಿ ಆಡಂಗೆ ಬಿಟ್ಟು, ಬಾಗ್ಲು ಮುಂದ್ಕೆ ಮಾಡ್ಕೊಂಡು ಬರ್ಬೇಕು. ನಾಕು ಹುಳ ಎದ್ದವೆ ಅಂತ ಸೊಪ್ಪು ಹಾಕಿದ್ಯೋ, ಬೆಳೆಯೆಲ್ಲ ಏರುಪೇರು. ನಿನ್ನ ತಮ್ಮ ಎಷ್ಟು ಚೆನ್ನಾಗಿ ಕಾಯ್ತಿದ್ದ." ಆಮೇಲೆ ಇಬ್ರೂ ಫೋನಿನಲ್ಲಿ ಸುಮ್ನೆ ಇದ್ವಿ ಸ್ವಲ್ಪ ಹೊತ್ತು.

ಅವ್ವಂಗೆ ನನ್ನ ಗೋಡೆ ವಿಷಯ ಗೊತ್ತೇ ಇರ್ಲಿಲ್ಲ, ಅವಳು ಹುಳದ ವಿಷಯ ಮಾತ್ರ ಹೇಳಿದ್ದು. ನಾನು ಮಾರನೇ ದಿನ ಬೆಳಿಗ್ಗೆ ಪುಸ್ತಕ ಇಲ್ದೆ, ಮಂತ್ರ ಇಲ್ದೆ, ತಲೆ ಎತ್ಕೊಂಡು ಕೂತೆ. ಏನೂ ಆಗ್ಲಿಲ್ಲ. ಆದ್ರೆ ಗಡಿಯಾರ ನೋಡ್ಲಿಲ್ಲ. ಎಷ್ಟೋ ದಿನ ತೂಕಡಿಸಿದೀನಿ, ನಮ್ಮ ಸಭೆಯ ಇನ್ನೊಬ್ಬ ಸಂತೆ, ಫ್ರಾನ್ಸಿನ ಲಿಸಿಯದ ಕಿರಿಯ ತೆರೇಸಾನೂ ಪ್ರಾರ್ಥನೇಲಿ ನಿದ್ದೆ ಹೋಗ್ತಿದ್ರು, ಮಲಗಿದ ಮಕ್ಕಳ ಮೇಲೂ ಅಪ್ಪ ಅಮ್ಮಂಗೆ ಅಷ್ಟೇ ಪ್ರೀತಿ ಅಂತ ಸಮಾಧಾನ ಮಾಡ್ಕೋತಿದ್ರು. ಈಗ ಗೋಡೆ ಹೋಯ್ತಾ ಅಂತ ಕೇಳ್ತೀರಾ? ಇದೆ. ಅದರ ಮುಂದೆ ಕೂರೋಕೆ ಭಯ ಇಲ್ಲ, ಒಂದೊಂದ್ಸಲ ಅಲ್ಲಿಂದ ಏಳೋಕೆ ಮನಸ್ಸಾಗಲ್ಲ. ಅತ್ತೆ ನೋಡ್ಕೊಳ್ಳೋವಾಗ ಮುಂಚಿನಷ್ಟು ಸಿಡುಕಲ್ಲ ಅಂತ ನಮ್ಮೆಜಮಾನ್ರು ಹೇಳ್ತಾರೆ, ಅದಕ್ಕಿಂತ ದೊಡ್ಡ ದರ್ಶನ ಬೇಕಿಲ್ಲ ಅಂತ ಸಿಸ್ಟರ್ ಅಂತಾರೆ.

ಎಜಮಾನ್ರಿಗೂ ಹೇಳ್ಬೇಕು. ಇಷ್ಟು ವರ್ಷ ಬೆಳಿಗ್ಗೆ ಹಾಲಿನವನ ಬೆಲ್ ಹೊಡೀದೇ ಇರ್ಲಿ ಅಂತ ಐದು ಗಂಟೆಗೇ ಗೇಟಿನ ಹತ್ರ ಹೋಗಿ ನಿಲ್ತಿದ್ದೋರು ಅವರು, ನಾನು ಒಳಗೆ ಏನ್ ಮಾಡ್ತೀನಿ ಅಂತ ಒಂದ್ಸಲಾನೂ ಕೇಳಿಲ್ಲ. ನಾದಿನಿಗೆ, ತಮ್ಮನ ಹೆಂಡತಿಗೆ, ಅವನ ಹುಳದ ಮನೆ ಮುಚ್ಚದೇ ನಡೆಸ್ತಿರೋದಕ್ಕೆ. ನಮ್ಮ ಧರ್ಮಕೇಂದ್ರದ ಫಾದರ್‌ಗೆ, ಆರಾಧನೆ ಕೋಣೆ ಬೀಗದ ಕೈ ನನ್ನ ಹತ್ರಾನೇ ಬಿಟ್ಟಿದ್ದಕ್ಕೆ.

ಅವ್ವ ಭಾನುವಾರ ಮುಂದಿನ ಬೆಂಚಲ್ಲಿ ಕೂತಿದ್ಳು. ವಾಗ್ದಾನ ಮುಗ್ಸಿ ಬಂದು ಪಕ್ಕ ಕೂತಾಗ ಕಿವೀಲಿ ಕೇಳಿದ್ಳು, "ಎಷ್ಟನೇ ಜ್ವರ ಕಣವ್ವ ಇದು?" ಗೊತ್ತಿಲ್ಲ ಅವ್ವ ಅಂದೆ. ಇದನ್ನೆಲ್ಲ ಅವಳಿಗೆ ಓದಿ ಹೇಳ್ಬೇಕು, ಆದ್ರೆ ಈಗ ಸೊಪ್ಪು ಹಾಕೋ ಹೊತ್ತು, ಫೋನ್ ಎತ್ತಲ್ಲ.