ಅಂಕದ ಜೊತೆಗೆ ಎರಡು ಮಾತೂ ಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯಲ್ಲಿ ಛಾಯಾಚಿತ್ರ ಸ್ಪರ್ಧೆಗಳ ಫಲಿತಾಂಶವೂ ಬಹುಮಾನಿತ ಚಿತ್ರಗಳೂ ಆಗಾಗ ಪ್ರಕಟವಾಗುತ್ತಿರುತ್ತವೆ. ಹಲವು ವರ್ಷಗಳಿಂದ ಛಾಯಾಗ್ರಹಣ ಕ್ಲಬ್ಬೊಂದರ ಸದಸ್ಯೆಯಾಗಿರುವ ನಾನು ಆ ಪುಟವನ್ನು ಆಸಕ್ತಿಯಿಂದ ನೋಡುತ್ತೇನೆ. ಆದರೆ ಪ್ರತಿಸಲವೂ ಒಂದೇ ಕೊರತೆ ಕಾಣುತ್ತದೆ: ಯಾವ ಚಿತ್ರಕ್ಕೆ ಪ್ರಥಮ ಸ್ಥಾನ ಬಂತು ಎಂಬುದು ತಿಳಿಯುತ್ತದೆ, ಏಕೆ ಬಂತು ಎಂಬುದು ತಿಳಿಯುವುದಿಲ್ಲ. ಇದಕ್ಕೆ ಪತ್ರಿಕೆಯನ್ನು ದೂರಲಾಗದು. ಕೊರತೆಯ ಮೂಲ ಇರುವುದು ನಮ್ಮ ಕ್ಲಬ್ಬುಗಳ ಮಾಸಿಕ ಸ್ಪರ್ಧೆಗಳಲ್ಲೇ.

ಕ್ಲಬ್ಬುಗಳ ಪರಿಚಯವಿಲ್ಲದ ಓದುಗರಿಗಾಗಿ ಈ ಸ್ಪರ್ಧೆ ನಡೆಯುವ ಬಗೆಯನ್ನು ಸ್ವಲ್ಪ ಹೇಳಬೇಕು. ತಿಂಗಳಿಗೊಂದು ವಿಷಯ ಕೊಡುತ್ತಾರೆ. ‘ನೆರಳು’, ‘ಗೆರೆಗಳು’, ‘ಕೈಗಳು’ ಎಂಬಂಥವು. ಸದಸ್ಯರು ಗೊತ್ತುಪಡಿಸಿದ ಅಳತೆಯ ಡಿಜಿಟಲ್ ಚಿತ್ರಗಳನ್ನೋ ರಟ್ಟಿಗೆ ಅಂಟಿಸಿದ ಪ್ರಿಂಟುಗಳನ್ನೋ ಸಲ್ಲಿಸುತ್ತಾರೆ. ತೆಗೆದವರ ಹೆಸರನ್ನು ಮರೆಮಾಡಿ, ಕ್ರಮಸಂಖ್ಯೆ ಮತ್ತು ಶೀರ್ಷಿಕೆಯನ್ನಷ್ಟೇ ಓದುತ್ತಾರೆ. ಸಾಮಾನ್ಯವಾಗಿ ಮೂವರು ತೀರ್ಪುಗಾರರಿದ್ದು, ಒಬ್ಬೊಬ್ಬರೂ ಐದರೊಳಗೆ ಅಂಕ ಕೊಡುತ್ತಾರೆ; ಮೂವರ ಮೊತ್ತವನ್ನು ಹದಿನೈದಕ್ಕೆ ಲೆಕ್ಕ ಹಾಕುತ್ತಾರೆ. ಹೆಸರು ಮುಚ್ಚಿಡುವುದಾಗಲಿ, ಮೂವರನ್ನು ಕೂರಿಸುವುದಾಗಲಿ ಒಳ್ಳೆಯ ಕ್ರಮವೇ. ತೊಂದರೆ ಇರುವುದು ವೇಗದಲ್ಲಿ. ಪರದೆಯ ಮೇಲೆ ಚಿತ್ರ ಬರುತ್ತದೆ, ಮೂರು ಅಂಕಗಳು ದಾಖಲಾಗುತ್ತವೆ, ಮುಂದಿನ ಚಿತ್ರ ಬರುತ್ತದೆ. ನಾನು ಕುಳಿತಿದ್ದ ಒಂದು ಸಂಜೆ ನೂರಕ್ಕೂ ಹೆಚ್ಚು ಚಿತ್ರಗಳು ಒಂದು ಗಂಟೆಯೊಳಗೆ ಹಾಗೆ ಸರಿದುಹೋದವು. ಗೆದ್ದವರು ಪ್ರಮಾಣಪತ್ರ ಹಿಡಿದು ನಿಂತರು. ಉಳಿದವರು ಕ್ಯಾಮೆರಾ ಚೀಲ ಹೆಗಲಿಗೇರಿಸಿ ಮನೆಗೆ ನಡೆದರು.

ಹಾಗೆ ನಡೆದವರಲ್ಲಿ ನಾನೂ ಒಬ್ಬಳಾಗಿದ್ದೆ. ಆ ಸಲದ ವಿಷಯ ‘ಕೈಗಳು’. ಕಿಟಕಿಯ ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದ ವಯಸ್ಸಾದ ದರ್ಜಿಯೊಬ್ಬರ ಕೈಗಳ ಚಿತ್ರವನ್ನು ನಾನು ಸಲ್ಲಿಸಿದ್ದೆ. ಅದಕ್ಕೆ ಹದಿನೈದಕ್ಕೆ ಎಂಟು ಅಂಕ ಬಂದವು, ಮಾತು ಒಂದೂ ಬರಲಿಲ್ಲ. ಬೆಳಕು ಸರಿಯಿರಲಿಲ್ಲವೋ, ವಿಷಯವೇ ಹಳತಾಯಿತೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಎಂಟು ಎಂಬ ಸಂಖ್ಯೆಯಿಂದ ಕಲಿಯುವುದಾದರೂ ಏನನ್ನು?

ಉತ್ತರ ಸಿಕ್ಕಿದ್ದು ಬಹಳ ಕಾಲದ ಮೇಲೆ, ಸ್ಪರ್ಧೆಯಿಲ್ಲದ ಒಂದು ವಿಮರ್ಶಾ ಸಭೆಯಲ್ಲಿ. ಹಿರಿಯ ಸದಸ್ಯರೊಬ್ಬರು ಅದೇ ಪ್ರಿಂಟನ್ನು ಮೇಜಿನ ಮೇಲೆ ಇಟ್ಟು, ಕಪ್ಪು ರಟ್ಟಿನಲ್ಲಿ ಎಲ್ ಆಕಾರಕ್ಕೆ ಕತ್ತರಿಸಿದ ಎರಡು ತುಂಡುಗಳನ್ನು ಅದರ ಮೇಲೆ ಚೌಕಟ್ಟಿನಂತೆ ಜೋಡಿಸಿ ನಿಧಾನವಾಗಿ ಸರಿಸುತ್ತ ಹೋದರು. ಬಲಗಡೆ ಮೇಲ್ಮೂಲೆಯಲ್ಲಿ ಕಿಟಕಿಯ ಬೆಳ್ಳನೆಯ ತುಣುಕೊಂದು ಉಳಿದಿತ್ತು. ಅದು ಮುಚ್ಚಿದೊಡನೆ, ಅಲ್ಲಿಯವರೆಗೆ ಮೂಲೆಗೆ ಓಡುತ್ತಿದ್ದ ಕಣ್ಣು ನೇರವಾಗಿ ಸೂಜಿಯ ಮೇಲೆ ಬಂದು ನಿಂತಿತು. ಮತ್ತೆ ತೆಗೆದರು, ಮತ್ತೆ ಮುಚ್ಚಿದರು. ಸುತ್ತ ನಿಂತವರೆಲ್ಲರಿಗೂ ವ್ಯತ್ಯಾಸ ಕಂಡಿತು. ಆಮೇಲೆ ಭೂತಗನ್ನಡಿ ಹಿಡಿದು, ಫೋಕಸ್ ಬಿದ್ದಿರುವುದು ಬೆರಳ ಗೆಣ್ಣಿನ ಮೇಲೆ, ಸೂಜಿಯ ಕಣ್ಣಿನ ಮೇಲಲ್ಲ ಎಂದು ತೋರಿಸಿದರು. ಅಪರ್ಚರನ್ನು, ಅಂದರೆ ಮಸೂರದಲ್ಲಿ ಬೆಳಕು ಹಾಯುವ ಕಿಂಡಿಯನ್ನು, ಎಫ್/1.8ರಷ್ಟು ಅಗಲವಾಗಿ ತೆರೆದು ಅಷ್ಟು ಹತ್ತಿರದಿಂದ ತೆಗೆದಾಗ ಸ್ಪಷ್ಟವಾಗಿ ಮೂಡುವ ಆಳ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಕಿಂಡಿಯನ್ನು ಎಫ್/5.6ಕ್ಕೆ ಕಿರಿದುಗೊಳಿಸಿದ್ದರೆ ಅದು ಮೂರು ಪಟ್ಟಾಗುತ್ತಿತ್ತು. ಬೆಳಕು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುವುದರಿಂದ ಶಟರ್ ತೆರೆದಿರುವ ಅವಧಿಯನ್ನು 1/200 ಸೆಕೆಂಡಿನಿಂದ 1/20ಕ್ಕೆ ಹೆಚ್ಚಿಸಿ, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಬೇಕಾಗುತ್ತಿತ್ತು. “ದರ್ಜಿಯ ಕೈ ಅಲುಗಾಡುವುದಿಲ್ಲವೇ?” ಎಂದು ನಾನು ಕೇಳಿದೆ. ದಾರ ಸೂಜಿಯ ಕಣ್ಣಿಗೆ ತಾಗುವ ಮುನ್ನ ಎಂಥವರ ಕೈಯೂ ಒಂದು ಕ್ಷಣ ನಿಂತೇ ನಿಲ್ಲುತ್ತದೆ, ಆ ಕ್ಷಣಕ್ಕೆ ಕಾಯಬೇಕು ಎಂದರು. ಇಷ್ಟೆಲ್ಲಕ್ಕೆ ಹಿಡಿದದ್ದು ಐದು ನಿಮಿಷ. ಅಷ್ಟು ವರ್ಷಗಳ ಅಂಕಪಟ್ಟಿಗಳು ಕಲಿಸದ್ದನ್ನು ನಾನು ಆ ಐದು ನಿಮಿಷದಲ್ಲಿ ಕಲಿತೆ.

ಹೀಗೆಂದ ಮಾತ್ರಕ್ಕೆ ನಾನು ಸ್ಪರ್ಧೆಯ ವಿರೋಧಿಯಲ್ಲ. ನಿಗದಿತ ದಿನದೊಳಗೆ ಚಿತ್ರ ಕೊಡಲೇಬೇಕೆಂಬ ಒತ್ತಡವೇ ಎಷ್ಟೋ ಸದಸ್ಯರು ಕ್ಯಾಮೆರಾವನ್ನು ಕಪಾಟಿನಿಂದ ಹೊರತೆಗೆಯುವಂತೆ ಮಾಡುತ್ತದೆ. ಅಂತರರಾಷ್ಟ್ರೀಯ ಮಟ್ಟದಲ್ಲಿಯೂ 1934ರಲ್ಲಿ ಆರಂಭವಾದ ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ ಮತ್ತು 1950ರಲ್ಲಿ ಸ್ಥಾಪನೆಯಾದ, ಫಿಯಾಪ್ ಎಂದು ಹೆಸರಾದ ಛಾಯಾಗ್ರಹಣ ಕಲೆಯ ಒಕ್ಕೂಟ, ತಮ್ಮ ಮಾನ್ಯತೆ ಪಡೆದ ಸ್ಪರ್ಧಾ ಪ್ರದರ್ಶನಗಳಾದ ಸಲೋನ್‌ಗಳ ಮೂಲಕ ಹವ್ಯಾಸಿಗಳಿಗೆ ದೊಡ್ಡ ವೇದಿಕೆಯನ್ನು ಒದಗಿಸಿವೆ. ಆದರೆ ಸಾವಿರಾರು ಚಿತ್ರಗಳು ಬರುವ ಸಲೋನ್‌ನಲ್ಲಿ ಒಂದೊಂದಕ್ಕೂ ಕೆಲವೇ ಸೆಕೆಂಡು ಸಿಗುವುದು ಅನಿವಾರ್ಯ. ಮೂವತ್ತು ನಲವತ್ತು ಜನರಿರುವ ಕ್ಲಬ್ಬು ಆ ಅನಿವಾರ್ಯವನ್ನೇ ಮಾದರಿಯಾಗಿ ಇಟ್ಟುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಕೆಲವು ಸೆಕೆಂಡುಗಳಲ್ಲಿ ಕಣ್ಣಿಗೆ ರಾಚುವ ಚಿತ್ರವೇ ಅಲ್ಲಿ ಮುಂದೆ ಹೋಗುತ್ತದೆ. ನಿಂತು ನೋಡಿಸಿಕೊಳ್ಳುವ ಮೆಲುದನಿಯ ಚಿತ್ರ ಹಿಂದೆ ಬೀಳುತ್ತದೆ. ಮೀನು ಕಚ್ಚಿ ನೀರಿನಿಂದ ಮೇಲೇಳುವ ಮಿಂಚುಳ್ಳಿಗೆ ಒಮ್ಮೆ ಬಹುಮಾನ ಬಂದರೆ ಮುಂದಿನ ತಿಂಗಳು ನಾಲ್ಕು ಮಿಂಚುಳ್ಳಿಗಳು ಬರುತ್ತವೆ. ಹೊಸಬರು ತಮ್ಮ ಕಣ್ಣಿನಿಂದ ನೋಡುವುದನ್ನು ಬಿಟ್ಟು ತೀರ್ಪುಗಾರರ ಕಣ್ಣಿನಿಂದ ನೋಡಲು ತೊಡಗುವುದು ಹೀಗೆಯೇ.

ಮಾತುಕತೆಯ ಅಗತ್ಯಕ್ಕೆ ಇನ್ನೊಂದು ಕಾರಣವೂ ಇದೆ, ಅದು ಪ್ರಾಮಾಣಿಕತೆಗೆ ಸಂಬಂಧಿಸಿದ್ದು. ವನ್ಯಜೀವಿ ಛಾಯಾಗ್ರಹಣದ ಹೆಸರಾಂತ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ 2009ರ ಅಗ್ರ ಪ್ರಶಸ್ತಿ ಪಡೆದ, ಗೇಟು ಹಾರುವ ತೋಳದ ಚಿತ್ರವನ್ನು ಅದು ಪಳಗಿಸಿದ ತೋಳವಾಗಿರುವ ಸಾಧ್ಯತೆಯೇ ಹೆಚ್ಚು ಎಂಬ ತೀರ್ಮಾನಕ್ಕೆ ಬಂದ ಆಯೋಜಕರು 2010ರಲ್ಲಿ ಅನರ್ಹಗೊಳಿಸಿದರು. 2023ರಲ್ಲಿ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್, ತಮ್ಮ ಚಿತ್ರ ಕೃತಕ ಬುದ್ಧಿಮತ್ತೆಯಿಂದ ರಚಿಸಿದ್ದೆಂದು ತಾವಾಗಿಯೇ ಹೇಳಿ ಪ್ರಶಸ್ತಿಯನ್ನು ನಿರಾಕರಿಸಿದರು. ಸಲೋನ್‌ಗಳ ಪ್ರಕೃತಿ ವಿಭಾಗದಲ್ಲಿ ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಕ್ರಾಪ್ ಮಾಡುವುದರ, ಅಂದರೆ ಅಂಚು ಕತ್ತರಿಸುವುದರ, ಹೊರತು ಏನನ್ನೂ ತೆಗೆಯಬಾರದು ಎಂಬ ನಿಯಮವಿದೆ. ಸಂಶಯ ಬಂದರೆ ಆಯೋಜಕರು ಮೂಲ ಕಡತವನ್ನು ಕೇಳಬಹುದು. ಆದರೆ ಕ್ಲಬ್ಬಿನಲ್ಲಿ ಇದಕ್ಕಿಂತ ಸಹಜವಾದ ಕಾವಲೊಂದು ಸಾಧ್ಯವಿದೆ. ಫಲಿತಾಂಶ ಪ್ರಕಟವಾದ ಮೇಲೆ ಎಲ್ಲಿ ನಿಂತು ತೆಗೆದಿರಿ, ಎಷ್ಟು ಹೊತ್ತು ಕಾದಿರಿ, ಇದರ ಹಿಂದಿನ ಮುಂದಿನ ಫ್ರೇಮುಗಳಲ್ಲಿ ಏನಿದೆ ಎಂದು ಎಲ್ಲರ ಮುಂದೆ ಪ್ರೀತಿಯಿಂದ ಕೇಳುವ ರೂಢಿಯಿದ್ದರೆ, ಕಷ್ಟಪಟ್ಟವರಿಗೆ ಹೇಳಿಕೊಳ್ಳುವ ಅವಕಾಶ ಸಿಗುತ್ತದೆ, ಕಳ್ಳದಾರಿ ಹಿಡಿಯುವವರಿಗೆ ಧೈರ್ಯ ಸಾಲುವುದಿಲ್ಲ.

ಆದ್ದರಿಂದ ಕ್ಲಬ್ಬುಗಳ ಪದಾಧಿಕಾರಿಗಳಲ್ಲಿ ನನ್ನ ಮನವಿ ಇಷ್ಟು. ಒಬ್ಬರಿಗೆ ನಾಲ್ಕೈದು ಚಿತ್ರಗಳ ಬದಲು ಎರಡೇ ಚಿತ್ರಗಳ ಮಿತಿ ಇಡಿ. ಮೂವತ್ತು ಮಂದಿ ಎರಡೆರಡು ಕೊಟ್ಟರೆ ಅರವತ್ತಾಗುತ್ತದೆ. ಒಂದೊಂದಕ್ಕೆ ಅರ್ಧ ನಿಮಿಷ ಮಾತನಾಡಿದರೂ ಅರ್ಧ ಗಂಟೆ ಸಾಕು. ಸಮಯವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತೀರ್ಪುಗಾರರನ್ನು ಕರೆಯುವಾಗಲೇ, ಅಂಕದ ಜೊತೆ ಒಂದು ಮೆಚ್ಚುಗೆಯನ್ನೂ ಒಂದು ತಿದ್ದುಪಡಿಯನ್ನೂ ಹೇಳಬೇಕಾಗುತ್ತದೆ ಎಂದು ತಿಳಿಸಿ. ಹೊಸ ಸದಸ್ಯರ ಚಿತ್ರಗಳನ್ನು ಹತ್ತಾರು ವರ್ಷ ಪಳಗಿದವರ ಚಿತ್ರಗಳ ಜೊತೆ ತೂಗದೆ ಪ್ರತ್ಯೇಕ ವಿಭಾಗ ಮಾಡಿ. ಮೂರು ತಿಂಗಳಿಗೊಮ್ಮೆಯಾದರೂ ಅಂಕಗಳಿಲ್ಲದ ಸಭೆ ಇರಲಿ. ಅದರಲ್ಲಿ ಪರದೆಯನ್ನು ಪಕ್ಕಕ್ಕಿಟ್ಟು, ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿ. ಬೆಳಗುವ ಪರದೆಯಲ್ಲಿ ಚೆನ್ನಾಗಿ ಕಂಡ ನೆರಳಿನ ವಿವರಗಳು ಕಾಗದದಲ್ಲಿ ಕಪ್ಪಾಗಿ ಹೂತುಹೋಗುವುದನ್ನು ಕೈಯಲ್ಲಿ ಹಿಡಿದು ನೋಡಿದರೇ ಅರ್ಥವಾಗುತ್ತದೆ. ಹಿಂದಿನ ಸ್ಪರ್ಧೆಯಲ್ಲಿ ಕಡಿಮೆ ಅಂಕ ಬಂದ ಚಿತ್ರವನ್ನು ಸಲಹೆಯಂತೆ ಮತ್ತೆ ತೆಗೆದು ತಂದವರಿಗೆ ಆ ಸಭೆಯಲ್ಲಿ ಮೊದಲ ಅವಕಾಶ ಸಿಗಲಿ. ಹೊರಾಂಗಣ ಚಿತ್ರೀಕರಣ, ಕಾರ್ಯಾಗಾರಗಳು ಹೇಗೂ ನಡೆಯುತ್ತವೆ, ಅವುಗಳ ಬಗ್ಗೆ ನನ್ನ ತಕರಾರಿಲ್ಲ.

ಪತ್ರಿಕೆಯಲ್ಲಿಯೂ ಒಂದು ಕೋರಿಕೆ. ಬಹುಮಾನಿತ ಚಿತ್ರವನ್ನು ಪ್ರಕಟಿಸುವಾಗ, ವಿಜೇತರ ಹೆಸರಿನ ಕೆಳಗೆ ತೀರ್ಪುಗಾರರ ಎರಡು ಸಾಲುಗಳಿಗೂ ಜಾಗ ಕೊಡಿ. ಪತ್ರಿಕೆ ಅವುಗಳನ್ನು ಕೇಳುವುದು ಖಚಿತವೆಂದು ಗೊತ್ತಾದರೆ, ಆಯೋಜಕರು ಆ ಎರಡು ಸಾಲುಗಳನ್ನು ಸ್ಪರ್ಧೆಯ ದಿನವೇ ಬರೆಸಿಟ್ಟುಕೊಳ್ಳುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಛಾಯಾಗ್ರಹಣ ಕ್ಲಬ್ಬೊಂದರ ಸದಸ್ಯೆ