ಮೊದಲು ಕಡ್ಡಿ ನೆಡಿ, ಹೆಸರು ಆಮೇಲೆ ಇಡಿ

ಮಾನ್ಯ ಸಂಪಾದಕರೇ,

ಕಾಫಿ ತೋಟದ ಹಳೆ ಬಂಗಲೆಗಳು ಹೋಂಸ್ಟೇ ಆಗುವ ಭರದಲ್ಲಿ ಅಂಗಳದ ಗುಲಾಬಿ ಪೊದೆಗಳು ಜೆಸಿಬಿ ಬಾಯಿಗೆ ಬೀಳುತ್ತಿವೆ. ಉಳಿದ ಗಿಡಗಳಿಗೆ ಇನ್ನೊಂದು ಕಾಟ: ಹೂವಿನ ಒಂದು ಫೋಟೊ ತೆಗೆದು, ಮೊಬೈಲ್ ಆ್ಯಪ್ ಹೇಳಿದ ಫ್ರೆಂಚ್ ಹೆಸರನ್ನೇ ಬೋರ್ಡಿಗೆ ಬರೆಸುವುದು.

ಬಂಗಲೆ ಹಳೆಯದಾದರೆ ಗುಲಾಬಿಯೂ ಹಳೆಯದೇ ಆಗಬೇಕಿಲ್ಲ. ಸಕಲೇಶಪುರ ಸೀಮೆಯ ಮಂಜರಾಬಾದಿನಲ್ಲಿ ಗ್ರೀನ್ ಎಂಬ ಪ್ಲಾಂಟರ್ ಕಾಫಿ ತೋಟ ತೆರೆದದ್ದು 1843ರಲ್ಲಿ. ಇಂದಿನ ದೊಡ್ಡ ಹೂವಿನ ಗುಲಾಬಿಗಳಾದ ಹೈಬ್ರಿಡ್ ಟೀ ವರ್ಗದ ಮೊದಲ ಗಿಡವೆಂದು ಎಣಿಸುವ 'ಲಾ ಫ್ರಾನ್ಸ್' ಬಂದದ್ದು 1867ರಲ್ಲಿ. ಅದಕ್ಕೂ ಮುಂಚಿನ ವರ್ಗಗಳನ್ನಷ್ಟೇ ಹಳೆ ಗುಲಾಬಿ ಎನ್ನುವುದು ರೂಢಿ. ಅವುಗಳಲ್ಲಿ ನಮ್ಮ ಹವೆಗೆ ಒಗ್ಗುವುದು ಚೀನಾ, ಟೀ, ನ್ವಾಸೆಟ್, ಬೂರ್ಬೋನ್ ಗುಲಾಬಿಗಳು. ಯುರೋಪಿನ ಹಳೆ ವರ್ಗಗಳಾದ ಗ್ಯಾಲಿಕಾ, ಸೆಂಟಿಫೋಲಿಯಾಗಳಿಗೆ ಕೊರೆಯುವ ಚಳಿಗಾಲ ಬೇಕು. ಮೂಡಿಗೆರೆಯಲ್ಲಿ ವರ್ಷವಿಡೀ ಹೂಬಿಡುವ ಗಿಡಕ್ಕೆ ಗ್ಯಾಲಿಕಾ ಎಂದು ಚೀಟಿ ಕಟ್ಟಿದ್ದರೆ ನಂಬಬೇಡಿ. ಎಲ್ಲವೂ 'ಲಂಡನ್ನಿಂದ ತಂದದ್ದು' ಎಂಬ ಮಾತನ್ನೂ ಅಷ್ಟಕ್ಕಷ್ಟೇ ತೆಗೆದುಕೊಳ್ಳಬೇಕು. ನಮ್ಮಲ್ಲಿ ಎಡ್ವರ್ಡ್ ಎಂದು ಕರೆಯುವ ಗುಲಾಬಿಯ ಮೂಲ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ. ಚೀನಾ ಗುಲಾಬಿ ಮತ್ತು ಡಮಾಸ್ಕ್ ಎಂಬ ಇನ್ನೊಂದು ಹಳೆ ಗುಲಾಬಿ ಅಲ್ಲಿ ಬೆರೆತು ಹುಟ್ಟಿದ್ದು. ಬೂರ್ಬೋನ್ ವರ್ಗ ಬೆಳೆದದ್ದೇ ಆ ಬೆರಕೆಯಿಂದ.

ಗುರುತಿಗೆ ಹೂವಿನ ಮುಖವೊಂದೇ ಸಾಲದು, ಅದು ಮೋಸ ಮಾಡುತ್ತದೆ. 'ಓಲ್ಡ್ ಬ್ಲಶ್' ಎಂಬ ಚೀನಾ ಗುಲಾಬಿ ಮೋಡದ ದಿನ ತಿಳಿ ಗುಲಾಬಿ, ನಾಲ್ಕು ದಿನ ಬಿಸಿಲು ಕಂಡರೆ ಗಾಢ. ಮೊಗ್ಗು, ಹೂವಿನ ಪಕ್ಕದ ನೋಟ, ಹೂವಿನ ಕೆಳಗಿನ ಐದು ಹಸಿರು ಎಸಳು, ಹೂತೊಟ್ಟು ನುಣುಪೋ ಅಂಟು ರೋಮವೋ, ಒಂದು ಎಲೆಯಲ್ಲಿ ಎಷ್ಟು ಕಿರುಎಲೆ, ಮುಳ್ಳಿನ ಆಕಾರ, ಕಾಯಿ: ಇಷ್ಟನ್ನೂ ಪಕ್ಕದಲ್ಲಿ ಸ್ಕೇಲ್ ಇಟ್ಟು, ಮಳೆಗಾಲದಲ್ಲೊಮ್ಮೆ, ಚಳಿಯಲ್ಲೊಮ್ಮೆ ಫೋಟೊ ತೆಗೆಯಬೇಕು. ಹೂ ತಲೆ ಬಾಗಿಸಿದರೆ ಟೀ, ಗೊಂಚಲು ಬಿಟ್ಟು ಹಬ್ಬಿದರೆ ನ್ವಾಸೆಟ್ ಎಂದು ಹುಡುಕಲು ಶುರುಮಾಡಬಹುದು, ಅಷ್ಟೇ.

ದೊಡ್ಡ ಬಲೆ ಇರುವುದು ಬುಡದಲ್ಲಿ. ಕಣ್ಣು ಕಸಿ ಮಾಡಿದ, ಅಂದರೆ ಬೇರೊಂದು ಗಿಡದ ಬುಡಕ್ಕೆ ಮೊಗ್ಗು ಕೂಡಿಸಿದ ಗಿಡದ ಮೇಲ್ಭಾಗ ಎಂದೋ ಸತ್ತು, ಕೆಳಗಿನ ಬೇರುಗಿಡವೇ ಚಿಗುರಿ ಪೊದೆಯಾಗಿರುತ್ತದೆ. ಎಲೆತೊಟ್ಟಿನ ಬುಡದ ರೆಕ್ಕೆ ಬಾಚಣಿಗೆಯ ಹಲ್ಲಿನಂತೆ ಸೀಳಿದ್ದು, ಏಳೋ ಒಂಬತ್ತೋ ಕಿರುಎಲೆ, ಸಣ್ಣ ಬಿಳಿ ಹೂಗೊಂಚಲು ಇದ್ದರೆ ಅದು ಮಲ್ಟಿಫ್ಲೋರಾ, ಬೇರುಗಿಡ. ಎಡ್ವರ್ಡ್ ಕೂಡ ಬೇರುಗಿಡವಾಗಿ ಬಳಕೆಯಾದದ್ದೇ. ಬೇಲಿಯಲ್ಲಿ ಅದು ಸಿಕ್ಕಾಗ ಯಾರೋ ಪ್ರೀತಿಯಿಂದ ನೆಟ್ಟದ್ದೋ, ಕಸಿ ಸತ್ತು ಉಳಿದದ್ದೋ ಹೇಳುವುದು ಕಷ್ಟ.

ಹೆಸರು ಸಿಗಲು ವರ್ಷಗಳೇ ಹಿಡಿಯಬಹುದು, ಗಿಡ ಅಲ್ಲಿವರೆಗೆ ಕಾಯುವುದಿಲ್ಲ. ಆದ್ದರಿಂದ ಮೊದಲು ಕಡ್ಡಿ ನೆಡಬೇಕು. ಸಮಯ ಅಕ್ಟೋಬರ್‌ನಿಂದ ಜನವರಿ. ಜೂನ್-ಜುಲೈ ಮಳೆಯಲ್ಲಿ ನೆಟ್ಟ ಕಡ್ಡಿ ಬುಡದಿಂದ ಕಪ್ಪಾಗಿ ಕೊಳೆಯುತ್ತದೆ. ಹೂ ಆಗಷ್ಟೇ ಉದುರಿದ, ಪೆನ್ಸಿಲ್ ದಪ್ಪದ ಗೆಲ್ಲು ಆರಿಸಿ; ಮುಳ್ಳನ್ನು ಪಕ್ಕಕ್ಕೆ ಒತ್ತಿದರೆ ಪಟಕ್ಕನೆ ಮುರಿಯಬೇಕು. 15ರಿಂದ 20 ಸೆಂ.ಮೀ. ಉದ್ದ, ನಾಲ್ಕು ಗಿಣ್ಣು, ಕೆಳಗಿನ ಕೊಯ್ತ ಗಿಣ್ಣಿನ ಕೆಳಗೇ. ಮೇಲಿನ ಎರಡು ಎಲೆ ಇರಲಿ. ಸಮಪಾಲು ದಪ್ಪ ಹೊಳೆಮರಳು ಮತ್ತು ತೊಳೆದ ತೆಂಗಿನ ನಾರಿನ ಪುಡಿ ಸಾಕು, ಗೊಬ್ಬರ ಬೇಡವೇ ಬೇಡ. ಬೇರು ಬರಿಸುವ ಪುಡಿಯಲ್ಲಿ ಬುಡ ಅದ್ದಿ, ಅರ್ಧದಷ್ಟು ಹೂತು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ ಕಾಫಿ ನರ್ಸರಿಯ ಚಪ್ಪರದಡಿ ಇಡಿ. ಎರಡು ವಾರಕ್ಕೇ ಚಿಗುರು ಕಂಡು ಹಿಗ್ಗಿ ಬಿಸಿಲಿಗಿಟ್ಟವರ ಕಡ್ಡಿ ಒಣಗುತ್ತದೆ. ಆ ಚಿಗುರು ಕಡ್ಡಿಯೊಳಗಿನ ಸತ್ವದ್ದು, ಬೇರಿನದ್ದಲ್ಲ. ಬೇರಿಗೆ ಆರು ವಾರ ಬಿಡಿ, ಕಿತ್ತು ನೋಡಬೇಡಿ.

ಚೀನಾ ಗುಲಾಬಿ ಹೀಗೆ ಸುಲಭವಾಗಿ ಬರುತ್ತದೆ. 1864ರ ಹಳದಿ 'ಮಾರೆಶಾಲ್ ನೀಲ್'ನಂಥವು ಕಡ್ಡಿಯಲ್ಲಿ ಹಟಮಾರಿ, ಅವಕ್ಕೆ ಗೂಟಿ (ಗೆಲ್ಲು ಗಿಡದಲ್ಲಿರುವಾಗಲೇ ಬೇರು ಬರಿಸುವುದು) ಅಥವಾ ಕಣ್ಣು ಕಸಿಯೇ ದಾರಿ.

ತಾಯಿಗಿಡಕ್ಕೆ ನಮ್ಮ ಮಾಲಿಗಳು ಮಾಡುವ ಅನ್ಯಾಯ ಮೊಣಕಾಲೆತ್ತರಕ್ಕೆ ಸವರುವುದು. ಹೈಬ್ರಿಡ್ ಟೀ ಅದನ್ನು ತಾಳುತ್ತದೆ. ಚೀನಾ, ಟೀ ಗುಲಾಬಿಗಳ ಶಕ್ತಿ ಇರುವುದು ಹಳೆ ಗೆಲ್ಲಿನಲ್ಲೇ. ಒಣಗಿದ್ದನ್ನು ಮಾತ್ರ ತೆಗೆಯಿರಿ, ಅದೂ ಮಳೆ ನಿಂತ ಮೇಲೆ. ಮಳೆಯಲ್ಲಿ ಕತ್ತರಿಸಿದರೆ ಕೊಯ್ತದಿಂದ ಕೆಳಕ್ಕೆ ಗೆಲ್ಲು ಕಪ್ಪಾಗುತ್ತಾ ಸಾಯುತ್ತದೆ. ಕೊಯ್ತಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರ್ ನೀರು. ಅಡಿಕೆಗೆ ಬೋರ್ಡೋ ಹೊಡೆಯುವ ಊರಲ್ಲಿ ಇದನ್ನು ಕಲಿಸಬೇಕಿಲ್ಲ.

ತೋಟಗಾರಿಕೆ ಇಲಾಖೆಗೆ ಒಂದು ಕೋರಿಕೆ. ಫಲಪುಷ್ಪ ಪ್ರದರ್ಶನದಲ್ಲಿ ಹೆಸರು ಗೊತ್ತಿಲ್ಲದ ಗುಲಾಬಿಗಳಿಗೆ ಒಂದು ಮೇಜು ಕೊಡಲಿ. ಚೀಟಿಯಲ್ಲಿ ಊಹೆಯ ಹೆಸರು ಬೇಡ. 'ಆಲ್ದೂರು ಬಂಗಲೆ ಗುಲಾಬಿ' ಎಂಬಂತೆ ಸಿಕ್ಕ ಜಾಗದ ಹೆಸರು, ಕಡ್ಡಿ ತೆಗೆದ ತಿಂಗಳು, ಮನೆಯವರ ನೆನಪಿನಲ್ಲಿ ಅದು ಯಾವಾಗಿನಿಂದ ಇದೆ ಎಂಬುದಿದ್ದರೆ ಸಾಕು. ತೋಟದ ಹಳೆ ಲೆಕ್ಕದ ಪುಸ್ತಕಗಳನ್ನು ಗುಜರಿಗೆ ಹಾಕುವ ಮುನ್ನ ಮಾಲೀಕರು ಒಮ್ಮೆ ತಿರುವಿ ನೋಡಲಿ. ಗಿಡ ತರಿಸಿದ ನರ್ಸರಿಯ ಬಿಲ್ಲು ಅದರೊಳಗೆ ಇರಬಹುದು.

— ಕೆಲವು ಗುಲಾಬಿ ಬೆಳೆಗಾರರು, ಚಿಕ್ಕಮಗಳೂರು